ಪರೀಕ್ಷೆ ಮಾಡದೆ ಬಿಡಿಭಾಗ ಬದಲಿಸಿದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಸರ್ವೀಸ್ ವಿಭಾಗ

ವಿಷಯ: ಬಿಸಿಯಾಗಿ ನಿಂತುಹೋದ ಹಳೆಯ ಪೆಟ್ರೋಲ್ ಕಾರಿನ ತಪ್ಪು ರಿಪೇರಿ

ಮಾನ್ಯರೇ,

ಜಾಬ್ ಕಾರ್ಡಿನಲ್ಲಿ ಬರೆಸಿದ್ದು ಇಷ್ಟು: ಎಂಜಿನ್ ವಿಪರೀತ ಬಿಸಿಯಾಗಿ ಆಫ್ ಆಗಿದೆ, ತಣ್ಣಗಾದ ಮೇಲೂ ಸ್ಟಾರ್ಟ್ ಆಗುತ್ತಿಲ್ಲ, ಸೆಲ್ಫ್ ಮಾತ್ರ ಚೆನ್ನಾಗಿ ತಿರುಗುತ್ತದೆ. ನಿಮ್ಮವರು ಬ್ಯಾಟರಿ, ಸೆಲ್ಫ್ ಮೋಟಾರ್ ಎರಡನ್ನೂ ಹೊಸದು ಹಾಕಿದ್ದಾರೆ. ಥರ್ಮೋಸ್ಟ್ಯಾಟ್ (ಎಂಜಿನ್ ಬಿಸಿಯಾದಾಗ ರೇಡಿಯೇಟರಿಗೆ ದಾರಿ ತೆರೆಯುವ ವಾಲ್ವ್) ಕಿತ್ತುಹಾಕಿ, ರೇಡಿಯೇಟರಿಗೆ ಬರೀ ನೀರು ತುಂಬಿ ಬಿಲ್ ಕೊಟ್ಟಿದ್ದಾರೆ. ಕಾರು ಇನ್ನೂ ಸ್ಟಾರ್ಟ್ ಆಗಿಲ್ಲ. ಬಿಲ್ಲಿನಲ್ಲಿ ಒಂದು ಪರೀಕ್ಷೆಯ ರೀಡಿಂಗ್ ಕೂಡ ಇಲ್ಲ.

ಬ್ಯಾಟರಿಯನ್ನು ಅನುಮಾನಿಸುವ ಮುಂಚೆ ಮಲ್ಟಿಮೀಟರ್ ಹಿಡಿದರೆ ಸಾಕಿತ್ತು. ಸುಮ್ಮನಿದ್ದಾಗ 12.6 ವೋಲ್ಟ್ ಆಸುಪಾಸು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿಯದಿದ್ದರೆ ಅದರಲ್ಲಿ ದೋಷ ಹುಡುಕುವುದು ವ್ಯರ್ಥ. ಈ ಕಾರಿನ ಎಂಜಿನ್ ಯಾವ ತಡೆಯೂ ಇಲ್ಲದೆ ಸರ್ರೆಂದು ತಿರುಗುತ್ತಿದೆ. ಅತಿಯಾಗಿ ಬಿಸಿಯಾದ ಎಂಜಿನ್ ಹೀಗೆ ಹಗುರಾಗಿ ತಿರುಗಿದರೆ ಮೊದಲು ಅನುಮಾನ ಬರಬೇಕಾದದ್ದು ಕಂಪ್ರೆಷನ್ (ಸಿಲಿಂಡರಿನಲ್ಲಿ ಅದುಮಿದ ಗಾಳಿಯ ಒತ್ತಡ) ಮೇಲೆ, ಅಂದರೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರಿನ ಮುಚ್ಚಳವಾದ ಹೆಡ್ಡಿನ ಅಡಿಯ ಸೀಲ್) ಸುಟ್ಟಿರುವುದು ಅಥವಾ ಹೆಡ್ ಬಾಗಿರುವುದು.

ಥರ್ಮೋಸ್ಟ್ಯಾಟ್ ತೆಗೆದರೆ ಎಂಜಿನ್ ತಂಪಾಗಿರುತ್ತದೆ ಎಂಬುದು ಗ್ಯಾರೇಜುಗಳ ಹಳೆಯ ನಂಬಿಕೆ. ಅನೇಕ ಎಂಜಿನ್‌ಗಳಲ್ಲಿ ಅದು ತೆರೆದುಕೊಂಡಾಗ ಬೈಪಾಸ್ ದಾರಿಯನ್ನೂ ಮುಚ್ಚುತ್ತದೆ. ಅದೇ ಇಲ್ಲದಿದ್ದರೆ ಒಂದಷ್ಟು ಕೂಲಂಟ್ (ಎಂಜಿನ್ ತಂಪಾಗಿಸುವ ದ್ರವ) ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ವಾಪಸ್ ಬರುತ್ತದೆ. ಅನುಮಾನವಿದ್ದರೆ ಬಿಸಿನೀರಿನಲ್ಲಿ ಮುಳುಗಿಸಿ, ಅದರ ಮೇಲೆ ಅಚ್ಚಾದ ಉಷ್ಣತೆಯಲ್ಲಿ (ಸಾಮಾನ್ಯವಾಗಿ 82ರಿಂದ 88 ಡಿಗ್ರಿ) ತೆರೆಯುತ್ತದೆಯೇ ಎಂದು ನೋಡಬಹುದಿತ್ತು. ಬರೀ ನೀರಿನಲ್ಲಿ ತುಕ್ಕು ತಡೆಯುವ ಅಂಶ ಇರುವುದಿಲ್ಲ, ಕೂಲಂಟಿಗಿಂತ ಬೇಗ ಕುದಿಯುತ್ತದೆ ಕೂಡ.

ಇದಕ್ಕಿಂತ ಗಂಭೀರವಾದದ್ದು, ಸ್ಪಾರ್ಕ್ ಪ್ಲಗ್ ಬಿಚ್ಚದೆ ಮತ್ತೆ ಮತ್ತೆ ಸೆಲ್ಫ್ ಹೊಡೆದದ್ದು. ಗ್ಯಾಸ್ಕೆಟ್ ಹೋಗಿದ್ದರೆ ಕೂಲಂಟ್ ಸಿಲಿಂಡರಿನೊಳಗೆ ನಿಂತಿರಬಹುದು. ನೀರು ಅದುಮಿದರೆ ಕುಗ್ಗುವುದಿಲ್ಲ; ಬಾಗುವುದು ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್.

ಆದ್ದರಿಂದ ಈ ಕ್ರಮದಲ್ಲಿ, ಉಚಿತವಾಗಿ ಪರೀಕ್ಷೆ ಮಾಡಿಕೊಡಬೇಕು. ಮೊದಲು ಡಿಪ್‌ಸ್ಟಿಕ್ ನೋಡಿ; ಆಯಿಲ್ ಹಾಲು ಬೆರೆಸಿದಂತಿದ್ದರೆ ನೀರು ಸೇರಿದೆ ಎಂದೇ ಲೆಕ್ಕ. ಎಲ್ಲ ಪ್ಲಗ್ ಬಿಚ್ಚಿ, ಇಂಧನ ಮತ್ತು ಇಗ್ನಿಷನ್ ಕಡಿತಗೊಳಿಸಿ, ಥ್ರಾಟಲ್ ಪೂರ್ತಿ ತೆರೆದು ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆಯಿರಿ. ಅಕ್ಕಪಕ್ಕದ ಎರಡರಲ್ಲಿ ಮಾತ್ರ ಕಡಿಮೆ ಬಂದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆಯೇ ಹೆಚ್ಚು. ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಅಳೆದಾಗ ರೀಡಿಂಗ್ ಏರಿದರೆ ದೋಷ ಪಿಸ್ಟನ್ ರಿಂಗ್‌ಗಳದ್ದು. ಸ್ಟಾರ್ಟ್ ಆಗದ ಎಂಜಿನ್ನಿನಲ್ಲಿ ಕೂಲಂಟಿನೊಳಗೆ ಸೇರಿದ, ಇಂಧನ ಉರಿದ ಗ್ಯಾಸ್ ಪತ್ತೆಹಚ್ಚುವ ಬಣ್ಣದ ದ್ರಾವಣವನ್ನು ನಂಬಲಾಗದು. ಅದರ ಬದಲು ಪಿಸ್ಟನ್ ಮೇಲಿದ್ದು ವಾಲ್ವ್‌ಗಳು ಮುಚ್ಚಿರುವಾಗ ಪ್ಲಗ್ ರಂಧ್ರದಿಂದ ಗಾಳಿ ತುಂಬಿ, ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತದೆಯೇ ನೋಡಿ. ಕಂಪ್ರೆಷನ್ ಸರಿಯಿದ್ದರೆ ಆಮೇಲೆ ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುವುದನ್ನು ಗುರುತಿಸುವ ಸೆನ್ಸರ್), ಸ್ಪಾರ್ಕ್, ಫ್ಯೂಯಲ್ ಪ್ರೆಷರ್ ನೋಡಿ.

ಹೆಡ್ ಇಳಿಸಬೇಕಾಗಿ ಬಂದರೆ ನೇರ ಪಟ್ಟಿ, ಫೀಲರ್ ಗೇಜ್ (ಸಣ್ಣ ಸಂದು ಅಳೆಯುವ ತೆಳು ತಗಡುಗಳು) ಇಟ್ಟು ಅದು ಎಷ್ಟು ಬಾಗಿದೆ ಎಂದು ಅಳೆದ ರೀಡಿಂಗನ್ನು ತಯಾರಕರ ಕೈಪಿಡಿಯ ಮಿತಿಯೊಂದಿಗೆ ಬರೆದುಕೊಡಿ. ಬಿಸಿಯಾದ ಮೂಲ ಕಾರಣ ಫ್ಯಾನೋ, ವಾಟರ್ ಪಂಪೋ, ಕಟ್ಟಿಕೊಂಡ ರೇಡಿಯೇಟರೋ, ಎಲ್ಲೋ ಸೋರಿಕೆಯೋ ಎಂದು ಕಂಡುಹಿಡಿಯದೆ ಹೊಸ ಗ್ಯಾಸ್ಕೆಟ್ ಕೂರಿಸಬೇಡಿ, ಅದೂ ಸುಡುತ್ತದೆ.

ಅಗತ್ಯವಿಲ್ಲದೆ ಹಾಕಿದ ಬ್ಯಾಟರಿ, ಸೆಲ್ಫ್ ಮೋಟಾರ್‌ಗಳ ಹಣ ಮತ್ತು ಕೂಲಿ ಹಿಂದಿರುಗಿಸಿ, ತೆಗೆದ ಹಳೆಯ ಭಾಗಗಳನ್ನು ಮರಳಿ ಕೊಡಬೇಕು. ರೀಡಿಂಗ್‌ಗಳು ಲಿಖಿತವಾಗಿ ಕೈಸೇರಿ ನಾನು ಒಪ್ಪಿಗೆ ಕೊಡುವವರೆಗೆ ಬೇರೆ ಯಾವ ಭಾಗವನ್ನೂ ಬದಲಿಸಕೂಡದು.

ಇತಿ,
ವಾಹನದ ಮಾಲೀಕ