23 ದಿನಕ್ಕೇ ಬಿಟ್ಟುಕೊಂಡ ಇಂಜಿನ್ ಮೌಂಟಿಂಗ್: ಹಣ ವಾಪಸಿಗಾಗಿ ದೂರು

ಇಂದ,
ಟಾಟಾ 407 ಲಾರಿಯ ಮಾಲೀಕ ಹಾಗೂ ಚಾಲಕ, ತಿಪಟೂರು
(ಹೆಸರು, ವಿಳಾಸ, ಫೋನ್ ನಂಬರ್ ಲಗತ್ತಿಸಿದ ಬಿಲ್ಲಿನಲ್ಲಿವೆ)

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ, ಬೆಂಗಳೂರು

ದಿನಾಂಕ: 02-06-2025

ವಿಷಯ: 12-03-2025ರ ಬಿಲ್ಲಿನಲ್ಲಿ ಕೊಂಡ, ಇಂಜಿನ್ನನ್ನು ಗಾಡಿಯ ಚಾಸಿಗೆ (ಚೌಕಟ್ಟಿಗೆ) ಹಿಡಿದಿಡುವ ನಿಮ್ಮ ಕಂಪನಿಯ ನಾಲ್ಕು ಇಂಜಿನ್ ಮೌಂಟಿಂಗ್‌ಗಳ ದೋಷ ಮತ್ತು ಅದರಿಂದಾದ ನಷ್ಟದ ಬಗ್ಗೆ.

ಮಾನ್ಯರೇ,

"ಗಾಡಿ ತುಂಬಾ ಹಳೆಯದಾಗಿರುವುದರಿಂದ ಕಂಪನಿ ಜವಾಬ್ದಾರಿಯಲ್ಲ" ಎಂದು ಮೇ 19ರಂದು ನಿಮ್ಮ ಕಚೇರಿಯಿಂದ ಇಮೇಲ್ ಬಂತು. ಆ ಒಂದು ಸಾಲಿಗೋಸ್ಕರವೇ ಈ ಪತ್ರ. ಅದಕ್ಕೆ ಮುಂಚೆ ಪೀಸು ಬದಲಾಯಿಸಿ ಕೊಟ್ಟಿದ್ದರೆ ನಾನು ಸುಮ್ಮನಾಗುತ್ತಿದ್ದೆ.

ನನ್ನದು 1999ರ ಮಾಡೆಲ್. ಹಳೆಯದು, ಒಪ್ಪಿದೆ. ಆದರೆ ನಿಮ್ಮ ಡಬ್ಬಿಯ ಮೇಲೆ ಅಚ್ಚಾಗಿರುವುದೂ "407 ಹಳೇ ಮಾಡೆಲ್" ಎಂದೇ. ಹೊಸ ಗಾಡಿಯವರು ಮೌಂಟಿಂಗ್ ಹುಡುಕಿಕೊಂಡು ನಿಮ್ಮ ಹತ್ತಿರ ಯಾಕೆ ಬರುತ್ತಾರೆ? ಅವರಿಗೆ ಶೋರೂಮ್ ಇದೆ, ವಾರಂಟಿ ಇದೆ. ನಿಮ್ಮ ಪಟ್ಟಿ ತುಂಬಾ ಇರುವುದು 407, ಮ್ಯಾಟಡೋರ್, ಸ್ವರಾಜ್ ಮಜ್ದಾ. ಹಳೇ ಗಾಡಿಗೆಂದೇ ಮಾಲು ಮಾಡಿ, ಹಳೇ ಗಾಡಿಯವರ ಹತ್ತಿರವೇ ದುಡ್ಡು ಎಣಿಸಿಕೊಂಡು, ಕಿತ್ತುಹೋದಾಗ "ಗಾಡಿ ಹಳೇದು" ಅನ್ನುವುದು, ಹಲ್ಲುಸೆಟ್ಟು ಕಟ್ಟಿಕೊಟ್ಟ ಡಾಕ್ಟರು "ನಿಮಗೆ ವಯಸ್ಸಾಗಿದೆ, ಅದಕ್ಕೇ ಸೆಟ್ಟು ಮುರೀತು" ಅಂದ ಹಾಗಾಯಿತು.

ನಡೆದದ್ದು ಇಷ್ಟು. ಮುಂದಿನ ಎರಡು ಮೌಂಟಿಂಗ್‌ಗೆ ತಲಾ 480, ಗೇರ್‌ಬಾಕ್ಸ್ ಕಡೆಯ ಎರಡಕ್ಕೆ ತಲಾ 620, ಒಟ್ಟು 2,200 ರೂಪಾಯಿ ಕೊಟ್ಟೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಇದರ ಅರ್ಧ ಬೆಲೆಗೆ ಲೋಕಲ್ ಮಾಲು ಸಿಗುತ್ತಿತ್ತು. ಆರು ತಿಂಗಳು ಬದಲಿ ಪೀಸು ಕೊಡುತ್ತೇವೆ ಎಂದು ನೀವು ಬರೆದಿದ್ದನ್ನು ನಂಬಿ ನಿಮ್ಮಲ್ಲಿ ತೆಗೆದುಕೊಂಡೆ. ಮಾರ್ಚ್ 16ಕ್ಕೆ ನಮ್ಮ ಮೇಸ್ತ್ರಿ ಹಾಕಿದರು. ಏಪ್ರಿಲ್ 8ಕ್ಕೆ ಮುಂದಿನ ಎಡಗಡೆಯದು ಬಿಟ್ಟುಕೊಂಡಿತು. ನನ್ನ ಗಾಡಿಯ ಮೀಟರ್ ಕೆಟ್ಟು ಕಾಲವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಟ್ರಿಪ್ ಪುಸ್ತಕದ ಲೆಕ್ಕದಲ್ಲಿ ಅಷ್ಟು ದಿನದಲ್ಲಿ ಓಡಿದ್ದು 1,400 ಕಿ.ಮೀ. ಆಸುಪಾಸು.

ಅವತ್ತು ಹುಳಿಯಾರು ಕಡೆಯಿಂದ ತೆಂಗಿನಕಾಯಿ ತುಂಬಿಕೊಂಡು ಬರುತ್ತಿದ್ದೆ. ಎರಡು ದಿನದಿಂದಲೇ ಗೇರ್ ರಾಡು ಕೈಯಲ್ಲಿ ನಿಲ್ಲುತ್ತಿರಲಿಲ್ಲ, ನ್ಯೂಟ್ರಲ್‌ನಲ್ಲಿ ನಿಂತರೆ ಕ್ಯಾಬಿನ್ನಿನ ಬಾಗಿಲೆಲ್ಲಾ ಗಡಗಡ. ಹೊಸ ರಬ್ಬರು, ಕೂತುಕೊಳ್ಳಲು ನಾಲ್ಕು ದಿನ ಬೇಕೇನೋ ಅಂದುಕೊಂಡೆ. ಚಿಕ್ಕನಾಯಕನಹಳ್ಳಿ ದಾಟಿ ಕೆ.ಬಿ. ಕ್ರಾಸ್ ಹತ್ತಿರ ಬಂದಾಗ ಹಂಪ್ ಕಂಡು ಬ್ರೇಕ್ ಒತ್ತಿದೆ. ಇಂಜಿನ್ ಮುಂದಕ್ಕೆ ವಾಲಿತು. ಹಸಿಕಟ್ಟಿಗೆಗೆ ಗರಗಸ ಇಟ್ಟ ಹಾಗೆ ಕರ್ರ್ ಎಂದು ಸದ್ದು. ಬಾನೆಟ್ ಸಂದಿನಿಂದ ಹಬೆ. ಇಳಿದು ನೋಡಿದರೆ ಫ್ಯಾನು ರೇಡಿಯೇಟರ್ ಕೋರ್ ಅನ್ನು ಅರ್ಧಚಂದ್ರದ ಹಾಗೆ ಕೊರೆದಿತ್ತು, ನೀರೆಲ್ಲಾ ರಸ್ತೆಯ ಮೇಲೆ. ರೇಡಿಯೇಟರ್ ಚಾಸಿಗೆ ಕೂತಿರುತ್ತದೆ, ಫ್ಯಾನು ಇಂಜಿನ್ನಿನ ಜೊತೆ ಅಲ್ಲಾಡುತ್ತದೆ. ಎರಡರ ನಡುವಿನ ಬೆರಳಷ್ಟು ಜಾಗ ಕಾಯುವುದು ಆ ಮೌಂಟಿಂಗ್ ರಬ್ಬರೇ ಎಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಬೇರೆ ಗಾಡಿ ಕರೆಸಿ ಲೋಡು ಬದಲಾಯಿಸುವಷ್ಟರಲ್ಲಿ ರಾತ್ರಿ ಒಂಬತ್ತು.

ಬಿಚ್ಚಿದ ಪೀಸನ್ನು ನೀವು ಫೋಟೋದಲ್ಲಿ ಮಾತ್ರ ನೋಡಿದ್ದೀರಿ. ಕೈಯಲ್ಲಿ ಹಿಡಿದು ನೋಡಬೇಕು. ರಬ್ಬರು ಹರಿದಿಲ್ಲ. ಇಡಿಯಾಗಿ ತಗಡಿನಿಂದ ಬಿಟ್ಟುಕೊಂಡಿದೆ. ತಗಡು ಕನ್ನಡಿಯ ಹಾಗೆ ಹೊಳೆಯುತ್ತಿದೆ, ಅದರ ಮೇಲೆ ಒಂದು ಚೂರೂ ರಬ್ಬರ್ ಅಂಟಿಲ್ಲ. ನಮ್ಮೂರಲ್ಲಿ ಕಾಯಿಯನ್ನು ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲೆ ಒಣಗಿಸುತ್ತೇವೆ. ಒಳಗಿನ ಉಂಡೆ ಕೊಬ್ಬರಿ ಚಿಪ್ಪು ಬಿಟ್ಟು ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು, ಆಗಲೇ ಕಾಯಿ ಆಗಿದೆ ಅಂತ ಲೆಕ್ಕ. ನಿಮ್ಮ ಮೌಂಟಿಂಗ್ 23 ದಿನಕ್ಕೇ ಹಾಗೆ ಆಗಿದೆ.

ಪೀಣ್ಯದ ರಬ್ಬರ್ ಕಾರ್ಖಾನೆಯಲ್ಲಿ ನನ್ನ ಸೋದರಳಿಯ ಕೆಲಸ ಮಾಡುತ್ತಾನೆ. ಅವನಿಗೆ ತೋರಿಸಿದೆ. ಅವನು ಹೇಳಿದ್ದು: ತಗಡನ್ನು ಮೊದಲು ಮರಳೇಟು ಕೊಟ್ಟು ತರಿತರಿ ಮಾಡಬೇಕು, ಪ್ರೈಮರ್, ಅದರ ಮೇಲೆ ಅಂಟು ಬಳಿಯಬೇಕು, ಆಮೇಲೆ ಅಚ್ಚಿನಲ್ಲಿಟ್ಟು ಬಿಸಿ ಮತ್ತು ಒತ್ತಡದಲ್ಲಿ ರಬ್ಬರನ್ನು ಅದಕ್ಕೇ ಬೇಯಿಸಬೇಕು. ಹಾಗೆ ಮಾಡಿದ ಪೀಸು ಜಗ್ಗಿದರೆ ರಬ್ಬರೇ ಹರಿಯಬೇಕೇ ಹೊರತು ತಗಡು ಬರಿದಾಗಿ ಬರಬಾರದು. "ಮಾವ, ಇದಕ್ಕೆ ಅಂಟೇ ಸರಿಯಾಗಿ ಹಿಡಿದಿಲ್ಲ" ಅಂದ. ಗಡಸುತನ ಅಳೆಯುವ ಮೀಟರನ್ನೂ ಒತ್ತಿ ನೋಡಿದ. ಒಂದೇ ಡಬ್ಬಿಯಲ್ಲಿ ಬಂದ ಮುಂದಿನ ಜೋಡಿಯಲ್ಲಿ ಎಡಗಡೆಯದು ಶೋರ್ ಎ (ರಬ್ಬರಿನ ಗಡಸುತನದ ಅಳತೆ) 52, ಬಲಗಡೆಯದು 68. ಒಂದು ಕಡೆ ಮೆತ್ತಗೆ, ಇನ್ನೊಂದು ಕಡೆ ಕಲ್ಲು. ನಾಲ್ಕು ಸಿಲಿಂಡರಿನ ಡೀಸೆಲ್ ಇಂಜಿನ್ 750 ಆರ್‌ಪಿಎಂನಲ್ಲಿ ಸುಮ್ಮನೆ ನಿಂತಿದ್ದರೂ ಸೆಕೆಂಡಿಗೆ 25 ಸಲ ಗುದ್ದುತ್ತದೆ. ಸಮ ಇಲ್ಲದ ಜೋಡಿಯ ಮೇಲೆ ಆ ಗುದ್ದು ಬಿದ್ದರೆ ಏನಾಗುತ್ತದೋ ಅದೇ ಆಗಿದೆ.

ಏಪ್ರಿಲ್ 10ರಂದು ಫೋನ್ ಮಾಡಿದಾಗ ನಿಮ್ಮ ಸಿಬ್ಬಂದಿ "ಫಿಟ್ಟಿಂಗ್ ತಪ್ಪು" ಅಂದರು. ಮೇಸ್ತ್ರಿ ಕೆಲಸ ಮಾಡುವಾಗ ನಾನು ಪಕ್ಕದಲ್ಲೇ ಇದ್ದೆ. ಇಂಜಿನ್ನಿನ ಆಯಿಲ್ ಚೇಂಬರ್ ಕೆಳಗೆ ಮರದ ಹಲಗೆ ಕೊಟ್ಟು ಜಾಕಿ ಎತ್ತಿದರು, ನಾಲ್ಕೂ ಕಡೆ ಬೋಲ್ಟನ್ನು ಕೈಯಲ್ಲೇ ಹಿಡಿಸಿದರು, ಇಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ಅದರ ಜಾಗಕ್ಕೆ ಕೂರಿಸಿ ಆಮೇಲೆ ಬಿಗಿ ಮಾಡಿದರು. ರಬ್ಬರಿಗೆ ಆಯಿಲ್ ತಾಗಿದರೆ ಉಬ್ಬಿ ಕೊಳೆಯುತ್ತದೆಂದು ಇಂಜಿನ್ ಮೇಲಿನಿಂದ ಆಯಿಲ್ ಸೋರದಂತೆ ತಡೆಯುವ ಟ್ಯಾಪೆಟ್ ಕವರ್ ಪ್ಯಾಕಿಂಗನ್ನೂ ಅವತ್ತೇ ಹೊಸದು ಹಾಕಿಸಿದ್ದೆ.

ಆಮೇಲೆ ಇಮೇಲ್‌ನಲ್ಲಿ ಇನ್ನೊಂದು ಕಾರಣ: "ರಬ್ಬರ್ ಭಾಗಗಳಿಗೆ ಗ್ಯಾರಂಟಿ ಅನ್ವಯಿಸುವುದಿಲ್ಲ." ಸ್ವಾಮಿ, ಮೌಂಟಿಂಗ್‌ನಲ್ಲಿ ರಬ್ಬರ್ ತೆಗೆದರೆ ಉಳಿಯುವುದು ಎರಡು ತಗಡು, ಒಂದು ಬೋಲ್ಟು. ಆರು ತಿಂಗಳ ಗ್ಯಾರಂಟಿ ಕೊಟ್ಟದ್ದು ಆ ತಗಡಿಗೋ?

ಹಳೇ ಗಾಡಿ ಎಂಬ ನಿಮ್ಮ ವಾದಕ್ಕೆ ಉತ್ತರ ಗಾಡಿಯಲ್ಲೇ ಕೂತಿದೆ. ನಿಮ್ಮ ಮಾಲು ಕಿತ್ತುಹೋದ ಮೇಲೆ ಮೇಸ್ತ್ರಿ ತುಮಕೂರಿನ ಗುಜರಿಯಿಂದ ಹಳೇ ಒರಿಜಿನಲ್ ಮೌಂಟಿಂಗ್ ಒಂದು ಸೆಟ್ ತಂದು ಹಾಕಿದರು. ಅವಕ್ಕೂ ಹೆಚ್ಚುಕಡಿಮೆ ನನ್ನ ಗಾಡಿಯಷ್ಟೇ ವಯಸ್ಸು. ಅದೇ ಚಾಸಿ, ಅದೇ ಮೇಸ್ತ್ರಿ, ಅದೇ ಹುಳಿಯಾರು ರಸ್ತೆ. ಹೆಚ್ಚುಕಡಿಮೆ ಎರಡು ತಿಂಗಳಾಯಿತು, ಗೇರ್ ರಾಡು ಅಲ್ಲಾಡುತ್ತಿಲ್ಲ. ಆ ಸೆಟ್ಟಿನ ದುಡ್ಡನ್ನು ನಿಮ್ಮ ಲೆಕ್ಕಕ್ಕೆ ಹಾಕಿಲ್ಲ, ಅದು ನನ್ನ ಗಾಡಿಯಲ್ಲೇ ಇದೆಯಲ್ಲ.

ನಾನು ಕೇಳುತ್ತಿರುವುದು: ನಾಲ್ಕು ಪೀಸಿನ 2,200, ಹಾಕಿದ ಕೂಲಿ 1,200, ರೇಡಿಯೇಟರ್ ಕೋರ್ 6,500, ಫ್ಯಾನು 1,150, ಲೋಡು ಸಾಗಿಸಿದ ಬೇರೆ ಗಾಡಿಯ ಬಾಡಿಗೆ 2,800, ಒಟ್ಟು 13,850 ರೂಪಾಯಿ. ಎಲ್ಲಕ್ಕೂ ಬಿಲ್ ಲಗತ್ತಿಸಿದ್ದೇನೆ. ನಾಲ್ಕು ದಿನ ಗಾಡಿ ನಿಂತದ್ದಕ್ಕೆ ಸದ್ಯಕ್ಕೆ ಏನೂ ಕೇಳುತ್ತಿಲ್ಲ. ಇನ್ನೊಂದು ವಿಷಯ, ನಿಮ್ಮ ಡಬ್ಬಿಯ ಮೇಲೆ ತಯಾರಾದ ತಿಂಗಳು, ವರ್ಷ ಎಲ್ಲೂ ಇಲ್ಲ. ಪೊಟ್ಟಣದ ಮೇಲೆ ಅದು ಇರಲೇಬೇಕೆಂದು ಕಾನೂನುಮಾಪನ (ತೂಕ, ಅಳತೆಯ) ನಿಯಮವೇ ಹೇಳುತ್ತದೆ. ಗೋಡೌನಿನಲ್ಲಿ ಬಿದ್ದಿದ್ದರೂ ರಬ್ಬರು ಮುದಿಯಾಗುತ್ತದೆ, ಕೊಳ್ಳುವವನಿಗೆ ಅದು ಗೊತ್ತಾಗಬೇಡವೇ? ಆ ಬ್ಯಾಚಿನ ಉಳಿದ ಮಾಲನ್ನು ಅಂಗಡಿಗಳಿಂದ ವಾಪಸ್ ತರಿಸಿ. ಫ್ಯಾನು ರೇಡಿಯೇಟರಿಗೆ ಬಡಿದಾಗ ನನ್ನ ಹಿಂದೆ ಬಸ್ಸು ಇರಲಿಲ್ಲ, ಅಷ್ಟೇ ಪುಣ್ಯ.

ಈ ಪತ್ರ ತಲುಪಿದ 15 ದಿನದೊಳಗೆ ಉತ್ತರ ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ಆನ್‌ಲೈನಿನಲ್ಲಿ ದೂರು ಹಾಕುವ ಸರ್ಕಾರದ ಇ-ಜಾಗೃತಿ ಮೂಲಕ ತುಮಕೂರು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಗಾಡಿ ನಿಂತ ದಿನಗಳ ಬಾಡಿಗೆಯನ್ನೂ ಅಲ್ಲಿ ಸೇರಿಸುತ್ತೇನೆ. "ಇದು ವ್ಯಾಪಾರದ ಗಾಡಿ, ನೀವು ಗ್ರಾಹಕರೇ ಅಲ್ಲ" ಎಂಬ ಮಾತು ನಿಮ್ಮ ವಕೀಲರ ಬಾಯಲ್ಲಿ ಬರಬಹುದು. ನಾನೇ ಓಡಿಸಿ ನಾನೇ ದುಡಿದು ತಿನ್ನುವ ಒಂದೇ ಗಾಡಿ ಇದು. ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಕೊಂಡವನೂ ಗ್ರಾಹಕನೇ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೇ ಬರೆದಿದೆ. ನಾನಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಮಾಲಿಗೆ ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ.

ಬಿಚ್ಚಿದ ನಾಲ್ಕೂ ಪೀಸು, ಡಬ್ಬಿ, ಕೊರೆದುಹೋದ ರೇಡಿಯೇಟರ್ ಕೋರ್ ಎಲ್ಲವನ್ನೂ ಗೋಣಿಚೀಲದಲ್ಲಿ ಕಟ್ಟಿ ಗ್ಯಾರೇಜಿನಲ್ಲಿ ಇಟ್ಟಿದ್ದೇನೆ. ಕೊರಿಯರ್‌ನಲ್ಲಿ ಕಳಿಸುವುದಿಲ್ಲ, ನಿಮ್ಮ ಇಂಜಿನಿಯರ್ ಒಬ್ಬರು ಇಲ್ಲಿಗೇ ಬಂದು ನನ್ನ ಎದುರಿಗೆ ನೋಡಲಿ. ಬರುವ ಮುಂಚೆ ಒಂದು ಫೋನ್ ಮಾಡಿಸಿ. ಕೊಬ್ಬರಿ ಹರಾಜಿನ ದಿನ ಮಾತ್ರ ಬೇಡ, ಅವತ್ತು ನಾನು ಎ.ಪಿ.ಎಂ.ಸಿ.ಯಲ್ಲಿ ಲೋಡಿನ ಮೇಲಿರುತ್ತೇನೆ.

ಇಂತಿ,
ನಿಮ್ಮ ಗ್ರಾಹಕ
(ಸಹಿ)

ಲಗತ್ತು: ಬಿಲ್ಲುಗಳ ಪ್ರತಿ, ಫೋಟೋಗಳು, ಟ್ರಿಪ್ ಪುಸ್ತಕದ ಎರಡು ಪುಟ, ನಿಮ್ಮ ಮೇ 19ರ ಇಮೇಲ್