ಉಸ್ತುವಾರಿ ಸಚಿವರಿಗೆ ಆಂಬುಲೆನ್ಸ್ ನರ್ಸ್ ಪತ್ರ: ಆ ಫೋನ್ ಎತ್ತುವವರು ಬೇಕು

ಮಾನ್ಯ ಕಲಬುರಗಿ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ನಮಸ್ಕಾರ ಸರ್. ಹೊಸ ಆಂಬುಲೆನ್ಸ್ ಬಂದಾಗ ಚೆಂಡು ಹೂವಿನ ಹಾರ ಹಾಕಿ, ಹಸಿರು ಬಾವುಟ ತೋರಿಸಿ ಕಳಿಸ್ತೀರಲ್ವಾ, ಆ ಗಾಡಿಯ ಹಿಂದೆ ರೋಗಿಯ ಪಕ್ಕ ಕೂರುವ ನರ್ಸ್ ನಾನು. ಈ ಪತ್ರ ಹೊಸ ಗಾಡಿ ಕೇಳುವುದಕ್ಕಲ್ಲ, ದಾರಿಯಿಂದ ನಾವು ಮಾಡುವ ಫೋನನ್ನು ಆಸ್ಪತ್ರೆಯಲ್ಲಿ ಎತ್ತುವವರು ಬೇಕು ಅಂತ ಕೇಳುವುದಕ್ಕೆ.

ಕಳೆದ ಮಳೆಗಾಲದ ಒಂದು ರಾತ್ರಿ. ಚಿಂಚೋಳಿ ಕಡೆಯ ರೈತರೊಬ್ಬರು ನೆಲದ ಮೇಲೆ ಮಲಗಿದ್ದಾಗ ಕಟ್ಟುಹಾವು ಕಚ್ಚಿತ್ತು. ಈ ಹಾವು ಕಚ್ಚಿದರೆ ಸಾಮಾನ್ಯವಾಗಿ ಬಾವು ಬರುವುದಿಲ್ಲ, ನೋವೂ ಕಮ್ಮಿ. ಇರುವೆ ಇರಬೇಕು ಅಂತ ಮಗ್ಗುಲು ಬದಲಿಸಿ ಮಲಗಿದವರೂ ಇದ್ದಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಹಾವಿನ ವಿಷ ಇಳಿಸುವ ಮದ್ದು 10 ವಯಲ್ ಕೊಟ್ಟು, ವೆಂಟಿಲೇಟರ್ ಬೇಕಾಗಬಹುದು ಅಂತ ಕಲಬುರಗಿಗೆ ಕಳಿಸಿದ್ದರು. ದಾರಿ 80 ಕಿಲೋಮೀಟರ್ ಮೇಲೆ.

"ಏನಾಗಿಲ್ರಿ ಸಿಸ್ಟರ್, ಹೊಟ್ಟಿ ನೋಯಾಕತ್ತದ ಅಷ್ಟೇ" ಅಂದರು ಅವರು. ಬಿಪಿ ಸರಿ, ನಾಡಿ ಸರಿ, ಆಕ್ಸಿಮೀಟರ್‌ನಲ್ಲಿ 98. ಆದರೆ ಕಣ್ಣಿನ ರೆಪ್ಪೆ ಅರ್ಧಕ್ಕೆ ಇಳಿದಿತ್ತು. "ಅಣ್ಣಾರೆ, ಒಂದೇ ಉಸಿರಿನಾಗ ಎಷ್ಟು ಆಗ್ತದ ಅಷ್ಟು ಎಣಿಸ್ರಿ" ಅಂದೆ. 24ರ ತನಕ ಎಣಿಸಿದರು. ಹತ್ತು ನಿಮಿಷಕ್ಕೊಮ್ಮೆ ಎಣಿಸಿದೆವು. ಮಹಾಗಾಂವ ಕ್ರಾಸ್‌ನಲ್ಲಿ 13, ಕಲಬುರಗಿ ಮುಟ್ಟಿದಾಗ 8. ಉಸಿರೆಳೆಯುವ ಸ್ನಾಯುಗಳು ಸೋಲುತ್ತಿದ್ದವು. ಆಕ್ಸಿಮೀಟರ್ ಮಾತ್ರ ಇನ್ನೂ 95 ತೋರಿಸುತ್ತಿತ್ತು. ಇಂಥ ಕೇಸಿನಲ್ಲಿ ಅದು ತಡವಾಗಿಯೇ ಬೀಳುವುದು.

ದಾರಿಯಲ್ಲೇ ಮೂರು ಸಲ ಕಲಬುರಗಿ ಆಸ್ಪತ್ರೆಯ ಕ್ಯಾಶುವಾಲ್ಟಿಗೆ, ಅಂದರೆ ತುರ್ತು ವಿಭಾಗಕ್ಕೆ, ಫೋನ್ ಮಾಡಿದೆ. ಮೂರು ಸಲವೂ ರಿಂಗಾಗಿ ನಿಂತಿತು. ಅಲ್ಲಿ ಹೋಗಿ ನೋಡಿದರೆ ಬೈಕಿನಿಂದ ಬಿದ್ದ ಹುಡುಗನೊಬ್ಬ ತಲೆ ಒಡೆದುಕೊಂಡು ಕೂಗಾಡುತ್ತಿದ್ದ. ಸುತ್ತ ಹತ್ತು ಜನ ನೆಂಟರು. ಎಲ್ಲರ ಕಣ್ಣೂ ಅತ್ತ. ನಮ್ಮವರ ಕಾಲು ನೋಡಿ, "ಬಾವೇ ಇಲ್ಲವಲ್ಲ, ಅಲ್ಲಿ ಕೂರಿಸಿ" ಅಂದರು. 24, 13, 8 ಅಂತ ಬರೆದ ನನ್ನ ಫಾರಂ ಯಾರೂ ಓದಲಿಲ್ಲ. ಸ್ವಲ್ಪ ಹೊತ್ತಿಗೆ ಎಣಿಕೆ 4ಕ್ಕೆ ಬಂತು. ನಾನೇ ಉಸಿರು ತುಂಬುವ ಅಂಬು ಬ್ಯಾಗ್ ಒತ್ತಲು ಶುರು ಮಾಡಿದ ಮೇಲೆ ಡಾಕ್ಟರ್ ಓಡಿ ಬಂದರು. ಐದು ದಿನ ವೆಂಟಿಲೇಟರ್ ಮೇಲಿದ್ದು ಅವರು ಬದುಕಿದರು.

ಡ್ಯೂಟಿಯಲ್ಲಿದ್ದವರನ್ನು ಬೈಯಲು ನನಗೆ ಮನಸ್ಸಿಲ್ಲ. ರಾತ್ರಿ ಎರಡು ಗಂಟೆಗೆ ಇಬ್ಬರೇ ಇದ್ದು ಅಷ್ಟು ಜನರನ್ನು ಸುಧಾರಿಸುವುದು ಸುಮ್ನೆ ಅಲ್ಲ. ಆದರೆ ಯಾರನ್ನು ಮೊದಲು ನೋಡಬೇಕು ಅನ್ನುವ ಪ್ರಶ್ನೆಗೆ ಗಾಡಿಯಲ್ಲೇ ಉತ್ತರ ಸಿಕ್ಕಿತ್ತು. ಅದು ಬಾಗಿಲಲ್ಲಿ ಕಳೆದುಹೋಯಿತು.

ನಮಗೆ ಕಲಿಸುವ ಕ್ರಮ ಹೀಗಿದೆ. ಚಿಮ್ಮುವ ರಕ್ತ ಇದ್ದರೆ ಮೊದಲು ಅದನ್ನು ಒತ್ತಿ ಹಿಡಿಯಬೇಕು. ಆಮೇಲೆ ಉಸಿರಿನ ದಾರಿ, ಉಸಿರಾಟ, ರಕ್ತದ ಓಟ, ಪ್ರಜ್ಞೆ. ಉಳಿದ ಗಾಯ ಎಷ್ಟೇ ಭಯಂಕರ ಕಂಡರೂ ಕೊನೆಗೆ. ತೊಗರಿ ಕಟಾವಿಗೆ ಹೊರಟ ಟ್ರ್ಯಾಕ್ಟರ್ ಮಗುಚಿ ಒಟ್ಟಿಗೆ ಹದಿನೈದು ಜನ ಬಿದ್ದಿದ್ದರೆ, ನಡೆಯಲು ಬರುವವರೆಲ್ಲ ಬೇವಿನ ಮರದ ಕೆಳಗೆ ಬನ್ನಿ ಅಂತೀವಿ. ಅವರಿಗೆ ಹಸಿರು ಪಟ್ಟಿ, ಅಂದರೆ ಸ್ವಲ್ಪ ಕಾಯಬಹುದು. ಉಳಿದವರಲ್ಲಿ ಉಸಿರು ನಿಮಿಷಕ್ಕೆ 30 ದಾಟಿದ್ದರೆ, ಉಗುರು ಒತ್ತಿ ಬಿಟ್ಟಾಗ 2 ಸೆಕೆಂಡಿನಲ್ಲಿ ಕೆಂಪು ಮರಳದಿದ್ದರೆ, "ಕೈ ಹಿಡೀರಿ" ಅಂದದ್ದು ತಿಳಿಯದಿದ್ದರೆ ಕೆಂಪು ಪಟ್ಟಿ, ಅಂದರೆ ಮೊದಲು ಅವರನ್ನೇ ನೋಡಬೇಕು. ಕೂಗುವವರನ್ನು ಕಂಡರೆ ನಮಗೆ ಒಳಗೊಳಗೇ ಸಮಾಧಾನ, ಉಸಿರು ಆಡ್ತಿದೆಯಲ್ಲ ಅಂತ. ಭಯ ಆಗುವುದು ಸುಮ್ಮನೆ ಬಿದ್ದವರನ್ನು ಕಂಡಾಗ.

ಕೆಲವು ಸಂಗತಿ ನಮಗೆ ಮಾತ್ರ ಸಿಗುತ್ತವೆ. ಲಕ್ವಾ ಹೊಡೆದವರು ಕೊನೆಯದಾಗಿ ಯಾವಾಗ ಸರಿಯಿದ್ದರು ಅಂತ ಅಂಗಳದಲ್ಲಿ ನಿಂತ ಸೊಸೆಯೇ ಹೇಳಬೇಕು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್‌ಗೆ ಇರುವ ನಾಲ್ಕೂವರೆ ಗಂಟೆಯ ಲೆಕ್ಕ ಶುರುವಾಗುವುದು ಅಲ್ಲಿಂದ. ಸೊಸೆ ಊರಲ್ಲೇ ಉಳಿದಿರುತ್ತಾಳೆ. ಹತ್ತಿ ಹೊಲದಲ್ಲಿ ಕೀಟನಾಶಕ ಹೊಡೆಯುತ್ತಾ ಬಿದ್ದವರ ಪಕ್ಕ ಇದ್ದ ಆ ಔಷಧಿ ಡಬ್ಬಿ ಕೂಡ ನಮ್ಮ ಕೈಲೇ ಬರುತ್ತದೆ.

2008ರಲ್ಲಿ 108 ಬಂದ ಮೇಲೆ ಗಾಡಿ ಸಿಗುವುದು ಎಷ್ಟೋ ಸುಲಭವಾಗಿದೆ. ಈಗ ನಾನು ಕೇಳುವುದಕ್ಕೆ ಜಾಸ್ತಿ ದುಡ್ಡು ಬೇಡ. ಜಿಲ್ಲೆಯ ಪ್ರತಿ ದೊಡ್ಡ ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಆಂಬುಲೆನ್ಸ್‌ನವರಿಗೆ ಅಂತಲೇ ಒಂದು ಮೊಬೈಲ್ ಇರಲಿ, ಅದನ್ನು ಎತ್ತುವ ನರ್ಸ್ ಯಾರು ಅಂತ ಪ್ರತಿ ಶಿಫ್ಟಿಗೂ ಹೆಸರು ಬರೆದು ಗೋಡೆಗೆ ಅಂಟಿಸಲಿ. ನಾವು ಬಂದಾಗ ಅವರು ನಿಂತು ಒಂದು ನಿಮಿಷ ಕೇಳಲಿ. ನಮ್ಮ ಫಾರಂ ಕೇಸ್ ಶೀಟಿನ ಮೊದಲ ಹಾಳೆಯಾಗಲಿ. ರೋಗಿಯನ್ನು ಒಪ್ಪಿಸಿಕೊಂಡವರು ಗಂಟೆ ನಿಮಿಷ ಹಾಕಿ ಸಹಿ ಮಾಡಲಿ. ಸಹಿಗೆ ಜಾಗ ಈಗಲೂ ಇದೆ. ಒಮ್ಮೆ ಯಾರೂ ಸಿಗದೆ ಪಾಪ ಸೆಕ್ಯುರಿಟಿ ಅಣ್ಣನೇ ಹಾಕಿಕೊಟ್ಟರು, ಇಂಗ್ಲಿಷಿನಲ್ಲಿ, ತುಂಬಾ ಚೆಂದವಾಗಿ.

ಮುಂದಿನ ಕೆಡಿಪಿ (ಜಿಲ್ಲೆಯ ಪ್ರಗತಿ ಪರಿಶೀಲನೆ) ಸಭೆಯಲ್ಲಿ ಅಧಿಕಾರಿಗಳ ಎದುರೇ ಯಾವುದಾದರೂ ಕ್ಯಾಶುವಾಲ್ಟಿಗೆ ಫೋನ್ ಮಾಡಿ, ಸ್ಪೀಕರ್‌ನಲ್ಲಿಟ್ಟು ನೋಡಿ ಸರ್.

ಇಂತಿ,
ಒಬ್ಬ ಆಂಬುಲೆನ್ಸ್ ನರ್ಸ್
ಕಲಬುರಗಿ ಜಿಲ್ಲೆ