ಮಗಳಿಗೊಂದು ಪತ್ರ: ಹೈದರಾಬಾದ್ ಪೊಲೀಸರ ಚೆಂಡಾಟ

ಚಿ. ಮಗಳಿಗೆ ಆಶೀರ್ವಾದಗಳು.

ಡಿಎಆರ್ (ಜಿಲ್ಲಾ ಸಶಸ್ತ್ರ ಮೀಸಲು ಪೊಲೀಸ್) ಫುಟ್‌ಬಾಲ್ ತಂಡದ ಉಸ್ತುವಾರಿ ನಿನ್ನ ಕೊರಳಿಗೆ ಬಿದ್ದಿದೆ ಎಂದೆಯಲ್ಲ. ಹದಿನಾರು ಹುಡುಗರು, ಓಟದಲ್ಲಿ ಒಬ್ಬರನ್ನೊಬ್ಬರು ಮೀರಿಸುವವರು, ಆದರೆ ಚೆಂಡು ಕಾಲಿಗೆ ಸಿಕ್ಕಿತೋ, ತಲೆ ತಗ್ಗಿಸಿ ಒಬ್ಬನೇ ಗೋಲಿನತ್ತ ನುಗ್ಗುವುದು. ಈ ರೋಗ ಹಳೆಯದು. ಅದಕ್ಕೆ ಮದ್ದು ಹಾಕಿದ್ದು ಕೂಡ ಪೊಲೀಸರ ತಂಡವೇ. ಅದರ ಕತೆ ನಿನಗೆ ಗೊತ್ತಿರಲಿ, ಕೆಲಸಕ್ಕೆ ಬರುತ್ತದೆ.

ಹೈದರಾಬಾದ್ ಸಿಟಿ ಪೊಲೀಸ್ ತಂಡ ಹುಟ್ಟಿದಾಗ ನಮ್ಮ ಕಲಬುರಗಿ, ಬೀದರ್, ರಾಯಚೂರು ಎಲ್ಲ ಅದೇ ನಿಜಾಮನ ಸಂಸ್ಥಾನದಲ್ಲಿದ್ದವು. 1956ರ ನವೆಂಬರ್ 1ರಂದು ನಾವು ಈ ಕಡೆ ಬಂದೆವು. ತಂಡ ಆ ಕಡೆ ಉಳಿದು ಮುಂದೆ ಆಂಧ್ರ ಪೊಲೀಸ್ ಎಂದು ಹೆಸರು ಬದಲಿಸಿತು. ಮುಂಬೈಯಲ್ಲಿ ನಡೆಯುತ್ತಿದ್ದ ರೋವರ್ಸ್ ಕಪ್ ಪಂದ್ಯಾವಳಿಯನ್ನು 1950ರಿಂದ 1954ರವರೆಗೆ ಸತತ ಐದು ವರ್ಷ ಗೆದ್ದರು. ಆಮೇಲೆ 1957, 1960, 1963ರಲ್ಲಿ ಗೆದ್ದರು, 1962ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಜೊತೆ ಹಂಚಿಕೊಂಡರು. ಒಟ್ಟು ಒಂಬತ್ತು. ಆಗ ದೆಹಲಿಯಲ್ಲಿ ನಡೆಯುತ್ತಿದ್ದ ಡ್ಯುರಾಂಡ್ ಕಪ್ ಪಂದ್ಯಾವಳಿಯನ್ನು ಗೆದ್ದದ್ದು 1950, 1954, 1957, 1961ರಲ್ಲಿ. 1950ರ ಫೈನಲ್‌ನಲ್ಲಿ ಕೋಲ್ಕತ್ತದ ಮೋಹನ್ ಬಾಗಾನ್ ಎದುರು 2-2 ಆಗಿ, ಮರುಪಂದ್ಯದಲ್ಲಿ 1-0ಯಿಂದ ಗೆದ್ದರು. 1954ರಲ್ಲಿ ಫೈನಲ್‌ನಲ್ಲಿ ಸೋತದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್ ತಂಡ, ಆಗಿನ ಹಿಂದುಸ್ತಾನ್ ಏರ್‌ಕ್ರಾಫ್ಟ್.

ಇವರಾರೂ ಚೆಂಡಾಡಿ ಸಂಬಳ ತೆಗೆದುಕೊಂಡವರಲ್ಲ. ಸಂಬಳ ಇಲಾಖೆಯದು, ಹುದ್ದೆ ಇಲಾಖೆಯದು, ಆಟ ಅದರ ಮೇಲಿನದು. ಹವ್ಯಾಸಿ ತಂಡ ಎಂದರೆ ಅರ್ಥ ಇಷ್ಟೆ.

ಕಲಿಸಿದವರು ಸೈಯದ್ ಅಬ್ದುಲ್ ರಹೀಂ. ಉಸ್ಮಾನಿಯಾದಲ್ಲಿ ಓದಿದ ಶಾಲಾ ಮೇಷ್ಟರು. ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯೂ ಅವರೇ, 1950ರಿಂದ ಪೊಲೀಸ್ ತಂಡದ ಕೋಚೂ ಅವರೇ. ಎರಡೂ ಒಬ್ಬರ ಕೈಯಲ್ಲಿದ್ದುದೇ ಗುಟ್ಟು ಅಂತ ನನ್ನ ಲೆಕ್ಕ. ಬರೀ ಕೋಚ್ ಆಗಿದ್ದರೆ ತಂಡದ ಹನ್ನೊಂದು ಜನರನ್ನಷ್ಟೇ ತಿದ್ದಬಹುದಿತ್ತು. ಕಾರ್ಯದರ್ಶಿಯಾದ್ದರಿಂದ ಊರಿನ ಪಂದ್ಯಾವಳಿಗಳ ನಿಯಮವನ್ನೇ ತಿದ್ದಿದರು. ಡ್ರಿಬ್ಲಿಂಗ್ (ಚೆಂಡನ್ನು ತನ್ನ ಕಾಲಲ್ಲೇ ಇಟ್ಟುಕೊಂಡು ಓಡುವುದು) ಇಲ್ಲದ ಪಂದ್ಯಾವಳಿ, ದುರ್ಬಲ ಕಾಲಿನಿಂದಷ್ಟೇ ಆಡುವ ಪಂದ್ಯಾವಳಿ, ಹೀಗೆ. ಗಲ್ಲಿಯ ಹುಡುಗ ಪೊಲೀಸ್ ತಂಡಕ್ಕೆ ಬರುವ ಹೊತ್ತಿಗೆ ಚೆಂಡನ್ನು ಬೇಗ ಬಿಡುವ ಅಭ್ಯಾಸ ಅವನ ಕಾಲಿಗೆ ಹತ್ತಿಬಿಟ್ಟಿರುತ್ತಿತ್ತು.

ನೀನು ಇದನ್ನು ಹೀಗೆ ಮಾಡು. ಪರೇಡ್ ಮೈದಾನದಲ್ಲಿ 40 ಮೀಟರ್ ಉದ್ದ, 30 ಮೀಟರ್ ಅಗಲಕ್ಕೆ ಸುಣ್ಣ ಹಾಕಿಸು. ಎರಡೂ ಕಡೆ ಏಳೇಳು ಜನ, ಉಳಿದ ಇಬ್ಬರು ಗೆರೆಯ ಹೊರಗೆ ನಿಂತು ಚೆಂಡು ಹೊಂದಿದವರ ಪರ ಆಡಲಿ. ಒಬ್ಬನಿಗೆ ಎರಡೇ ಸ್ಪರ್ಶ: ಒಂದು ತಡೆಯಲು, ಒಂದು ಕೊಡಲು. ಮೂರನೆಯದು ತಗುಲಿದರೆ ಚೆಂಡು ಎದುರಿನವರದು. ಎಂಟು ನಿಮಿಷ ಆಟ, ಎರಡು ನಿಮಿಷ ವಿರಾಮ, ಹೀಗೆ ಮೂರು ಸುತ್ತು. ಸೀಟಿ ನಿನ್ನ ಕೈಯಲ್ಲೇ ಇರಲಿ. ಹವಾಲ್ದಾರರಿಗೆ ಕೊಟ್ಟರೆ ತಮ್ಮ ಬ್ಯಾರಕ್ಕಿನ ಹುಡುಗನ ಮೂರನೇ ಸ್ಪರ್ಶ ಅವರ ಕಣ್ಣಿಗೆ ಬೀಳುವುದಿಲ್ಲ.

ಮೊದಲ ವಾರ ಆಟ ಕೆಡುತ್ತದೆ, ಗಾಬರಿಯಾಗಬೇಡ. ಚೆಂಡು ಬಂದ ಮೇಲೆ ತಲೆ ಎತ್ತಿ ಯಾರಿಗೆ ಕೊಡಲಿ ಎಂದು ಹುಡುಕುತ್ತಾರೆ. ಅಷ್ಟರಲ್ಲಿ ಎದುರಿನವನು ಮೈಮೇಲೆ ಬಂದಿರುತ್ತಾನೆ. ಆಗ ಹೆದರಿ ಒದ್ದುಬಿಡುತ್ತಾರೆ, ಚೆಂಡು ಮೆಸ್ಸಿನ ಗೋಡೆಗೆ. ತಪ್ಪು ಕಾಲಿನದಲ್ಲ, ಕಣ್ಣಿನದು. ಚೆಂಡು ಬರುವ ಮೊದಲೇ ಭುಜದ ಮೇಲಿಂದ ಒಮ್ಮೆ ಹಿಂದೆ ನೋಡಿರಬೇಕು. ಇನ್ನೊಂದು ತಪ್ಪು, ಕೊಟ್ಟವನು ಅಲ್ಲೇ ನಿಂತುಬಿಡುವುದು. ಕೊಟ್ಟ ಮೇಲೆ ಐದು ಹೆಜ್ಜೆ ಓಡಿ ಹೊಸ ಜಾಗ ಹಿಡಿಯದಿದ್ದರೆ ಪಡೆದವನಿಗೆ ದಾರಿಯೇ ಇರುವುದಿಲ್ಲ, ಅವನು ಮತ್ತೆ ಡ್ರಿಬ್ಲಿಂಗಿಗೇ ಇಳಿಯುತ್ತಾನೆ. ನಿನ್ನ ಹುಡುಗರು ಒಬ್ಬನೇ ನುಗ್ಗುವುದಕ್ಕೆ ಸ್ವಾರ್ಥ ಕಾರಣವಲ್ಲ, ಇದೇ ಕಾರಣ ಇರಬಹುದು, ನೋಡು.

ದುರ್ಬಲ ಕಾಲಿಗೆ ವಾರದಲ್ಲಿ ಎರಡು ದಿನ ಸಾಕು. ಬಲಗಾಲಿನವನು ಹತ್ತು ಮೀಟರ್ ದೂರದ ಗೋಡೆಗೆ ಎಡಗಾಲಿನ ಒಳಮೈಯಿಂದ ಐವತ್ತು ಸಲ ಹೊಡೆಯಲಿ. ಚೆಂಡು ಮೇಲೆದ್ದರೆ ಊರಿದ ಕಾಲು ಚೆಂಡಿಗಿಂತ ಹಿಂದೆ ಉಳಿದಿದೆ ಎಂದು ತಿಳಿ, ಅದು ಚೆಂಡಿನ ಪಕ್ಕಕ್ಕೆ ಬರಬೇಕು. ಚೆಂಡಿಗೆ ಬೆಳಿಗ್ಗೆ ಪಂಪ್ ಮೀಟರ್ ಹಿಡಿದು ನೋಡಿಸು. ಕನಿಷ್ಠ 8.5, ಗರಿಷ್ಠ 15.6 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಅಭ್ಯಾಸಕ್ಕೆ ಹತ್ತು ಚೆನ್ನಾಗಿ ಒಗ್ಗುತ್ತದೆ. ಕಲ್ಲಿನಂಥ ಚೆಂಡಿನಲ್ಲಿ ಎಡಗಾಲಿನ ಪಾಠ ಹೇಳಿದರೆ ಪಾದ ನೊಂದು ಮರುದಿನ ಸಿಕ್ ರಿಪೋರ್ಟ್ ಬರುತ್ತದೆ. ಆ ಕಾಲದ ಚೆಂಡಂತೂ ತೊಗಲಿನದು, ಒಳಗೆ ಬ್ಲಾಡರ್, ಹೊರಗೆ ಲೇಸು ಕಟ್ಟಿದ್ದು. ಮಳೆಯಲ್ಲಿ ನೀರು ಕುಡಿದು ಭಾರವಾದ ಚೆಂಡಿಗೆ ಲೇಸಿನ ಕಡೆಯಿಂದ ತಲೆ ಕೊಟ್ಟವನ ಹಣೆ ತರಚುತ್ತಿತ್ತು.

ಬೂಟಿನ ವಿಷಯ. ಒಣ ಗಟ್ಟಿ ನೆಲದಲ್ಲಿ ಬರಿಗಾಲಿಗೆ ಚೆಂಡಿನ ಸ್ಪರ್ಶ ಚೆನ್ನಾಗಿ ಸಿಗುತ್ತದೆ, ಅದಕ್ಕೇ ಆಗಿನವರಲ್ಲಿ ಬಹಳಷ್ಟು ಜನ ಬರಿಗಾಲಲ್ಲಿ ಆಡಿದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಚಳಿಯಲ್ಲಿ ಅದು ನಡೆಯಲಿಲ್ಲ. ಯುಗೊಸ್ಲಾವಿಯಾ ಎದುರು ಭಾರತಕ್ಕೆ 10-1 ಸೋಲು. ಆಮೇಲೆ ಬೂಟು ಕಡ್ಡಾಯವಾಯಿತು. ಪೊಲೀಸ್ ತಂಡದ ನೂರ್ ಮೊಹಮ್ಮದ್, ಅಜೀಜುದ್ದೀನ್ ಆ ತಂಡದಲ್ಲೂ ಇದ್ದರು, ನಾಲ್ಕು ವರ್ಷದ ನಂತರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದ ತಂಡದಲ್ಲೂ ಇದ್ದರು. ನಿನ್ನವರಿಗೆ ಹೊಸ ಬೂಟು ಬಂದರೆ ಪಂದ್ಯದ ದಿನವೇ ಹಾಕಿಸಬೇಡ. ಹತ್ತು ದಿನ ಮೊದಲು ಕೊಡು, ದಿನಕ್ಕೆ ಅರ್ಧ ಗಂಟೆಯಿಂದ ಶುರು ಮಾಡಲಿ. ಹಿಮ್ಮಡಿಯ ಗುಳ್ಳೆಯಷ್ಟು ಸುಲಭವಾಗಿ ತಂಡವನ್ನು ಒಡೆಯುವುದು ಬೇರೆ ಯಾವುದೂ ಇಲ್ಲ.

ಜೋಡಣೆಯಲ್ಲೂ ರಹೀಂ ಮುಂದಿದ್ದರು. ಆಗ ಊರೆಲ್ಲ 2-3-5: ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು. 1958ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ಹೆಸರಾಗಿಸಿದ 4-2-4ರ ಕಡೆಗೆ ಅವರು ಅದಕ್ಕೂ ಮೊದಲೇ ಹೊರಳಿದ್ದರು. ನಿನಗೆ ಅದನ್ನು ಹೇಳುವುದಿಲ್ಲ. ನಡುವಿನ ಇಬ್ಬರು ಮೈದಾನದ ಅಗಲವನ್ನೆಲ್ಲ ಕಾಯಬೇಕು, ಮುಂದಿನ ನಾಲ್ವರಲ್ಲಿ ಒಬ್ಬನಾದರೂ ಚೆಂಡು ಕಳೆದ ಕ್ಷಣ ಹಿಂದಕ್ಕೆ ಓಡದಿದ್ದರೆ ಆ ಇಬ್ಬರು ಅರವತ್ತನೇ ನಿಮಿಷಕ್ಕೆ ಬಸವಳಿಯುತ್ತಾರೆ. ಸದ್ಯ 4-4-2 ಇಟ್ಟುಕೋ.

ತಂಡ ಇಳಿದದ್ದು ಹೇಗೆ ಎನ್ನುವುದೂ ನಿನಗೆ ಬೇಕು. ಕೋಲ್ಕತ್ತದ ಕ್ಲಬ್ಬುಗಳು ದಕ್ಷಿಣದ ಆಟಗಾರರನ್ನು ಮೊದಲಿಂದಲೂ ಎಳೆಯುತ್ತಿದ್ದವು. ಬೆಂಗಳೂರಿನ ಅಹ್ಮದ್ ಖಾನ್, ಧನರಾಜ್ ಹೋಗಿ ಈಸ್ಟ್ ಬೆಂಗಾಲ್‌ನ ಮುಂಚೂಣಿಯ ಐವರಾದ 'ಪಂಚ ಪಾಂಡವ'ರಲ್ಲಿ ಇಬ್ಬರಾದರು, ಹೈದರಾಬಾದಿನ ಬಲರಾಂ ಕೂಡ ಅಲ್ಲಿಗೇ ಹೋದರು. ಪೇದೆಯ ಸಂಬಳ ಆ ಕ್ಲಬ್ಬುಗಳ ದುಡ್ಡಿಗೆ ಸರಿಗಟ್ಟುವುದು ಹೇಗೆ? ಆದರೂ ಊರಿನ ಪಂದ್ಯಾವಳಿಗಳಿಂದ ಹೊಸ ಹುಡುಗರು ಬರುವವರೆಗೆ ತಂಡ ನಿಂತಿತು. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ರಹೀಂ ಕೈಕೆಳಗೆ ಭಾರತ ಚಿನ್ನ ಗೆದ್ದಾಗ ಆಂಧ್ರ ಪೊಲೀಸಿನ ಯೂಸುಫ್ ಖಾನ್ ತಂಡದಲ್ಲಿದ್ದರು. 1963ರ ಜೂನ್ 11ರಂದು ರಹೀಂ ಕ್ಯಾನ್ಸರಿನಿಂದ ತೀರಿಕೊಂಡರು. ಆ ವರ್ಷದ ರೋವರ್ಸ್ ಕಪ್ ಬಂತು. ಅದೇ ಕಡೆಯದು, ಮತ್ತೆ ರೋವರ್ಸೂ ಇಲ್ಲ, ಡ್ಯುರಾಂಡೂ ಇಲ್ಲ. ಪೊಲೀಸ್ ತಂಡಗಳ ಕಾಲ ಅಲ್ಲಿಗೇ ಮುಗಿಯಿತು ಅಂತಲ್ಲ. ಕೇರಳ ಪೊಲೀಸ್ 1990, 1991ರಲ್ಲಿ ಎರಡು ಸಲ ಫೆಡರೇಷನ್ ಕಪ್ ಗೆದ್ದರು, ಐ. ಎಂ. ವಿಜಯನ್ ಆಡಿದ ತಂಡ ಅದು.

ನಿನ್ನ ನಿಜವಾದ ಎದುರಾಳಿ ಬಂದೋಬಸ್ತ್. ಗಣೇಶೋತ್ಸವ, ಜಾತ್ರೆ, ಚುನಾವಣೆ ಬಂದರೆ ಹದಿನಾರರಲ್ಲಿ ಆರು ಜನ ಮೈದಾನದಲ್ಲಿದ್ದರೆ ಹೆಚ್ಚು. ಆದ್ದರಿಂದ ತಿಂಗಳ ಡ್ಯೂಟಿ ಪಟ್ಟಿ ಟೈಪ್ ಆಗುವ ಮೊದಲೇ ಆರ್‌ಪಿಐ (ಮೀಸಲು ಪೊಲೀಸ್ ಇನ್‌ಸ್ಪೆಕ್ಟರ್) ಸಾಹೇಬರ ಮುಂದೆ ಕೂತು, ಇಬ್ಬರೂ ಗೋಲ್‌ಕೀಪರ್‌ಗಳಿಗೆ ಒಂದೇ ದಿನ ರಾತ್ರಿ ಪಾಳಿ ಬೀಳದಂತೆ ಹಾಕಿಸಿಕೋ. ರಾತ್ರಿ ಪಾಳಿ ಮುಗಿಸಿ ಬಂದವನನ್ನು ಬೆಳಿಗ್ಗೆ ಓಡಿಸಬೇಡ, ಹಿಂದೊಡೆಯ ಸ್ನಾಯು ಹಿಡಿದುಕೊಂಡರೆ ಮೂರು ವಾರ ಹೋಯಿತು. ಅವನು ಅಂದು ಗೋಡೆಗೆ ಎಡಗಾಲಲ್ಲಿ ಹೊಡೆಯಲಿ ಸಾಕು.

ಊರ ಶಾಲೆಗಳಿಗೆ ಎರಡು ಸ್ಪರ್ಶದ ಪಂದ್ಯಾವಳಿ ಇಡುವುದಾದರೆ ದಸರಾ ರಜೆಗೆ ಮೊದಲು ಇಡು. ಸುಣ್ಣ, ಸೀಟಿ, ನಾಲ್ಕು ಚೆಂಡು ಸಾಕು. ಗೋಲಿನ ಕಂಬ ಇಲ್ಲದಿದ್ದರೆ ಬಿದಿರು ನೆಡಿಸು, ಚಿಕ್ಕ ಹುಡುಗರಿಗೆ 7.32 ಮೀಟರ್ ಅಗಲ ಬೇಡ, ಐದು ಸಾಕು. ಖರ್ಚೆಷ್ಟು ಅಂತ ತಿಳಿಸು, ಚೆಂಡಿನ ದುಡ್ಡು ನಾನು ಕಳಿಸುತ್ತೇನೆ.

ನಿನ್ನ ಅವ್ವ